ಸೊಣ್ಣಮ್ಮನವರ ಎದುರು ಬೆಂಚು

3 ಫೆಬ್ರವರಿ 1982, ಬುಧವಾರ

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ — ಈ ದಿನ ಸಂಜೆ, ವೈಟ್‌ಫೀಲ್ಡಿನ ಒಂದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಬಾಗಿಲು ಹಾಕಿ, ಕಿಟಕಿಗೆ ಹೆಂಡತಿಯ ಹಳೇ ಸೀರೆ ಕಟ್ಟಿ, ಕ್ಯಾಮೆರಾದೊಳಗೆ ಫಿಲ್ಮ್ ರೋಲನ್ನು ನಾನೇ ಸ್ವತಃ ಹಾಕಿದೆ. ಯಾರ ನೆರವೂ ಇಲ್ಲದೆ. ಎರಡನೇ ಪ್ರಯತ್ನದಲ್ಲಿ. ಮೊದಲನೇ ಪ್ರಯತ್ನದಲ್ಲಿ ರೋಲು ತಲೆಕೆಳಗಾಗಿತ್ತು. ಇತಿಹಾಸ ಅದನ್ನು ಕ್ಷಮಿಸುತ್ತದೆ.

ಕ್ಯಾಮೆರಾ ನನ್ನದಲ್ಲ. ನಮ್ಮ ಫ್ಯಾಕ್ಟರಿಯ ಫಿಟ್ಟರ್ ನಂಜಪ್ಪಂದು. ಅಗ್ಫಾ ಕ್ಲಿಕ್. ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ. "ಬೀಳಿಸ್ಬೇಡ ಗುರು. ಮುಂದಿನ ತಿಂಗಳು ತಿರುಪತಿಗೆ ಹೋಗೋದಿದೆ."

ಸಂಪಾದಕರ ಅಪ್ಪಣೆ — "ಬರೀ ಹರಟೆ ಯಾರು ಓದ್ತಾರೆ ಸ್ವಾಮಿ? ಜೊತೆಗೊಂದು ಫೋಟೋ ಇರಲಿ. ಬೆಂಗಳೂರಿನ ಹೊರಗೆ ಒಂದು ದಿನ ಹಾಯಾಗಿ ಕೂರೋ ಜಾಗ ತೋರಿಸಿ." ನನಗೆ ಹೊಳೆದದ್ದು ಹೊಳೆಪಾಳ್ಯದ ಪಾರ್ಕು. ಪಿನಾಕಿನಿಯ ದಡ. ಬಸ್ಸಿನಲ್ಲಿ ಒಂದು ಪೊಟ್ಟಣ ಕುರುಕಲು ತಿಂದು ಮುಗಿಸುವಷ್ಟು ದೂರ. ಕರೆಂಟಿನ ಕೊರತೆಯ ಕೃಪೆಯಿಂದ ನಮ್ಮ ಫ್ಯಾಕ್ಟರಿಗೆ ವಾರದ ರಜೆ ಗುರುವಾರ. ಅಂದರೆ ನಾಳೆ.

ಹೆಂಡತಿ: "ಅಷ್ಟು ದೂರ ಹೋಗೋ ಬದಲು ಮನೇಲಿರೋರದ್ದು ಒಂದು ತೆಗೀಬಾರ್ದಾ?"

"ಸುಬ್ಬಲಕ್ಷ್ಮಿ, ನೀನು ಪಾರ್ಕಲ್ಲ," ಎಂದೆ.

ಹೇಳಬಾರದಿತ್ತು.

4 ಫೆಬ್ರವರಿ, ಗುರುವಾರ. ಬೆಳಿಗ್ಗೆ

ಹೊಳೆಪಾಳ್ಯ. ಪಾರ್ಕಿನಲ್ಲಿ ಕೂತೇ ಬರೆಯುತ್ತಿದ್ದೇನೆ.

ಪಿನಾಕಿನಿಯ ಬಗ್ಗೆ ಎರಡು ಮಾತು. ನಕ್ಷೆಯಲ್ಲಿ ನದಿ. ಎದುರಿಗೆ ನಿಂತರೆ ಮರಳು, ಮರಳಿನ ನಡುವೆ ಪಂಚೆಯ ಅಂಚಿನಷ್ಟು ನೀರು. ಆದರೂ ಹೊಳೆ ಅನ್ನಬೇಕು, ಇಲ್ಲವಾದರೆ ಊರಿನವರಿಗೆ ಬೇಜಾರು. ಮಂಜು ಇನ್ನೂ ಕರಗಿಲ್ಲ. ಆಚೆ ದಡದ ಹಳ್ಳಿ, ನೀಲಗಿರಿ ತೋಪು ಎಲ್ಲ ಯಾರೋ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ ಹಾಗಿವೆ. ನೀರಿನಲ್ಲಿ ಒಂದು ಎಮ್ಮೆ. ಬಂದ ಕೆಲಸ ಮರೆತವರ ಹಾಗೆ ನಿಂತಿದೆ. ನನಗೂ ಹಾಗೇ ನಿಲ್ಲಬೇಕೆನಿಸಿತು. ನಿಂತೆ. ಎಷ್ಟು ಹೊತ್ತೋ.

ಪಾರ್ಕು ದೊಡ್ಡದೇನಲ್ಲ. ಹೊಂಗೆ ಮರಗಳು. ಒಂದು ಭಾರಿ ಮಳೆಮರ. ಒಂದು ಕೊಂಬಿನ ಸಿಮೆಂಟ್ ಜಿಂಕೆ. ನಡುವೆ ರೇಡಿಯೊ ಮಂಟಪ — ಸಂಜೆ ಊರಿಗೆಲ್ಲ ಕೇಳುವಂತೆ ಹಾಕುತ್ತಾರಂತೆ. ಮತ್ತೆ ಸಿಮೆಂಟ್ ಬೆಂಚುಗಳು. ಪ್ರತಿ ಬೆಂಚಿನ ಬೆನ್ನಿಗೂ ಒಬ್ಬೊಬ್ಬರ ಹೆಸರು, ಅವರ ಜ್ಞಾಪಕಾರ್ಥ, ಇಂಥವರ ಕೊಡುಗೆ. ಈ ಊರಿನಲ್ಲಿ ಕೂರಬೇಕಾದರೆ ಸತ್ತವರನ್ನು ಕೇಳಿಯೇ ಕೂರಬೇಕು.

ಮಾಲಿ ರಾಮಾಂಜಿನಪ್ಪ ಪೈಪು ಎಳೆದುಕೊಂಡು ಬಂದ. "ಪೇಪರ್‌ನೋರಾ ಸಾರ್?"

"ಹೌದು," ಎಂದೆ, ಸ್ವಲ್ಪ ಎದೆಯುಬ್ಬಿಸಿ.

"ಹಂಗಾದ್ರೆ ಆ ನಲ್ಲಿದು ಒಂದು ತೆಗೀರಿ. ನೀರು ಬಂದು ವರ್ಷಾಯ್ತು."

ತೆಗೆದೆ. ನನ್ನ ಜೀವನದ ಮೊದಲ ಛಾಯಾಚಿತ್ರ: ನೀರು ಬಾರದ ನಲ್ಲಿ.

ಮಧ್ಯಾಹ್ನ

ಮಳೆಮರದ ಕೆಳಗಿನ ಬೆಂಚು ಕಣ್ಣಿಗೆ ಬಿತ್ತು. ಹಿಂದೆ ಹೊಳೆ, ಮೇಲೆ ಜರಡಿ ಹಿಡಿದಂಥ ಬಿಸಿಲು. ಕ್ಯಾಮೆರಾದಿಂದ ನೋಡಿದರೆ ಬೆನ್ನಿನ ಮೇಲೆ — "ಸೊಣ್ಣಮ್ಮನವರ ಜ್ಞಾಪಕಾರ್ಥ". ಅಷ್ಟೇ. ಕೊಟ್ಟವರ ಹೆಸರಿಲ್ಲ. ಅಲ್ಲದೆ ಅಕ್ಷರಗಳು ನಡುವೆ ಇಲ್ಲ, ಬಲಕ್ಕೆ ಸರಿದಿವೆ. ಎಡಗಡೆ ಖಾಲಿ.

ಅದರ ಎದುರು ಬೆಂಚಿನಲ್ಲಿ ಒಬ್ಬ ಮುದುಕಿ. ಕಾಲು ಮೇಲೆಳೆದುಕೊಂಡು, ಬಾಯಲ್ಲಿ ಎಲೆಅಡಿಕೆ, ಸೊಣ್ಣಮ್ಮನವರ ಬೆಂಚನ್ನೇ ದಿಟ್ಟಿಸುತ್ತ. ಅಕ್ಕನೋ ತಂಗಿಯೋ ಇರಬೇಕು. ಪಾಪ. ಪತ್ರಿಕೆಯವನಿಗೆ ತಕ್ಕ ಸಂತಾಪದ ಮುಖ ಮಾಡಿಕೊಂಡು ಪಕ್ಕ ಕೂತೆ.

"ಸೊಣ್ಣಮ್ಮನವರು ನಿಮಗೇನಾಗಬೇಕಜ್ಜಿ?"

"ನಾನೇಯ."

"ಅಂದ್ರೆ... ಇಬ್ಬರದೂ ಒಂದೇ ಹೆಸರು?"

"ಎಸ್ರೂ ಒಂದೇ. ಆಳೂ ಒಂದೇ."

"ಅಲ್ಲಜ್ಜಿ, ಇದು ಸತ್ತವರ ಹೆಸರಲ್ಲಿ ಹಾಕೋದು."

"ಸಾಯ್ತೀನಲ್ಲ," ಎಂದಳು. "ನೀನ್ಯಾಕೆ ಅವಸ್ರ ಮಾಡೀಯ?"

ಮಳೆಮರದಿಂದ ಒಂದು ಕಾಯಿ ನನ್ನ ತಲೆ ಮೇಲೆ ಬಿತ್ತು. ಸರಿಯಾದ ಸಮಯಕ್ಕೆ.

ವಿಚಾರ ಇದು. ಸೊಣ್ಣಮ್ಮ ಆಚೆ ದಡದ ಹಳ್ಳಿಯವಳು. ಗಂಡ ಹೋಗಿ ಬಹಳ ಕಾಲವಾಯಿತು. ಮಕ್ಕಳಿಲ್ಲ. ಇರುವುದು ಮೈದುನನ ಮಗ ಕೃಷ್ಣಪ್ಪನ ಮನೆಯಲ್ಲಿ, ಹಿತ್ತಲ ಕೋಣೆ. ಕೃಷ್ಣಪ್ಪ ಹೊಲದ ತುಂಬ ಸಾಲುಮನೆ ಕಟ್ಟಿ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಗಟ್ಟಿ ಕುಳ.

"ಪಿತೃಪಕ್ಷಕ್ಕೆ ಅವ್ರಪ್ಪಂಗೆ ಎಡೆ ಇಡ್ತಾನೆ, ಅವ್ರವ್ವಂಗೆ ಇಡ್ತಾನೆ. ನಾನೇ ಬಡಿಸ್ತೀನಿ. ನಾನು ಓದ್ಮೇಲೆ ನಂಗ್ಯಾರಿಡ್ತಾರೆ? ಎತ್ತೋಳಾ, ಒತ್ತೋಳಾ? ದೊಡ್ಡಮ್ಮ ಅಂತೆ ದೊಡ್ಡಮ್ಮ. ಅದ್ಕೇಯ ಓಲೆ ಮಾರ್ಬುಟ್ಟು ಬೆಂಚು ಇಕ್ದೆ."

ನಿಜ. ಕಿವಿ ಖಾಲಿ. ತೂತು ಮಾತ್ರ ಜೋಲಾಡುತ್ತಿವೆ.

"ಎಡೆಗೂ ಬೆಂಚಿಗೂ ಏನು ಸಂಬಂಧ?"

"ನೋಡ್ತಾ ಕೂತ್ಕ," ಎಂದಳು. "ಈಗ ಬತ್ತಾರೆ."

ಬಂದರು. ಊದುಬತ್ತಿ ಕಾರ್ಖಾನೆಯ ಇಬ್ಬರು ಹುಡುಗಿಯರು. ಬೆರಳೆಲ್ಲ ಕಪ್ಪು, ಗಾಳಿಯೆಲ್ಲ ಗಂಧ. ಸೊಣ್ಣಮ್ಮನ ಬೆಂಚಿನಲ್ಲಿ ಕೂತು, ನಡುವೆ ಡಬ್ಬಿ ಇಟ್ಟು ಬಿಚ್ಚಿದರು. ಸೊಣ್ಣಮ್ಮ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಅಕಾ. ಎಡೆ! ಏನದೆ ನೋಡು. ನನ್ ಕಣ್ಣು ಮಂಜು."

"ಚಿತ್ರಾನ್ನ."

"ಕಡ್ಲೇಬೀಜ ಆಕವ್ರಾ?"

ಇಣುಕಿ ನೋಡಿದೆ. ಹುಡುಗಿಯರು ನನ್ನತ್ತ ನೋಡಿ ಡಬ್ಬಿಗೆ ಮುಚ್ಚಳ ಅಡ್ಡ ಹಿಡಿದರು. "ಹಾಕಿದ್ದಾರೆ," ಎಂದೆ.

"ಭೇಷ್," ಎಂದಳು ಸೊಣ್ಣಮ್ಮ. ತಾನೇ ತಿಂದಷ್ಟು ತೃಪ್ತಿ.

ಲೆಕ್ಕ ಸರಿಯಾಗಿಯೇ ಇದೆ. ಅವಳ ಹೆಸರಿನ ಜಾಗ. ಅಲ್ಲಿ ಕೂತು ಯಾರಾದರೂ ಅನ್ನ ಬಿಚ್ಚಿದರೆ ಅದು ಅವಳಿಗೆ ಇಟ್ಟದ್ದು. ಸತ್ತ ಮೇಲೆ ಬರುತ್ತಾರೋ ಇಲ್ಲವೋ ಅಂತ ಈಗಲೇ ಖಾತ್ರಿ ಮಾಡಿಕೊಳ್ಳುತ್ತಿದ್ದಾಳೆ. ದಿನಾ ಮರಳು ದಾಟಿ ಬಂದು.

"ಆ ಎಡಗಡೆ ಯಾಕಜ್ಜಿ ಖಾಲಿ?"

"ದಿವಂಗತ ಅಂತ ಆಕ್ಲಾ ಅಂದ ಬರೆಯೋನು. ಈಗ್ಬ್ಯಾಡ, ಜಾಗ ಬುಡು, ಆಮ್ಯಾಕೆ ಆಕೀವಂತೆ ಅಂದೆ."

"ನಿಮ್ಮ ಬೆಂಚಲ್ಲಿ ನೀವೇ ಯಾಕೆ ಕೂರಲ್ಲ?"

ನನ್ನನ್ನು ದಾರಿ ತಪ್ಪಿ ಬಂದ ದನದಂತೆ ನೋಡಿದಳು. "ಎಡೆ ಇಟ್ಟು ಬಾಗ್ಲು ಆಕ್ಕಂಡು ಎಲ್ರೂ ಆಚೆಗೆ ಬರಲ್ವಾ? ಸತ್ತೋರು ಬಂದು ಉಂಡೋಗ್ಲಿ ಅಂತ? ನಾನೀಗ ಆಚೆ ಇವ್ನಿ ಕಣಪ್ಪ. ಕಾಯ್ತಾ ಇವ್ನಿ."

ಸಂಜೆ. ಬಸ್ಸಿನಲ್ಲಿ, ಅಕ್ಷರ ಕುಣಿಯುತ್ತಿವೆ

ಎಮ್ಮೆ, ಮಂಟಪ, ಜಿಂಕೆ — ಏನೂ ತೆಗೆಯಲಿಲ್ಲ. ನಲ್ಲಿಯೊಂದು ಬಿಟ್ಟರೆ ರೋಲು ಪೂರ್ತಿ ಒಂದೇ ಬೆಂಚಿಗೆ ಹೋಯಿತು.

ಇಡೀ ಮಧ್ಯಾಹ್ನ ನಾವಿಬ್ಬರೂ ಎದುರು ಬೆಂಚಿನಲ್ಲಿ. ಹುಡುಗಿಯರು ಎದ್ದುಹೋದರು. ಟೋಪಿಯವರೊಬ್ಬರು ಬಂದು ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಮಗುವನ್ನು ಮಲಗಿಸುವಂತೆ ಪಕ್ಕದಲ್ಲಿಟ್ಟು, ನಿದ್ದೆ ಹೋದರು. ಒಂದು ಮೇಕೆ ಬಂದು ಆ ಸಿಪ್ಪೆ ತಿಂದಿತು. ("ಅದೂ ಲೆಕ್ಕಕ್ಕೆ ಬರುತ್ತಾ ಅಜ್ಜಿ?" "ಅದ್ಕೂ ಬಾಯಿ ಅದ್ಯಲ್ಲ, ಬತ್ತದೆ.") ಒಂದು ಜೋಡಿ ಕೊಡೆ ಅಡ್ಡ ಹಿಡಿದು ಕೂತಿತು. ಕೊಡೆಯ ಹಿಂದಿನಿಂದ ಕಡ್ಲೆಕಾಯಿ ಸಿಪ್ಪೆ ಮಾತ್ರ ಹೊರಗೆ ಬೀಳುತ್ತಿತ್ತು. ನೆರಳು ಬೆಂಚಿನ ಈ ಕೈಯಿಂದ ಆ ಕೈಗೆ ಜರುಗಿತು. ನೀರಿನ ಬೆಳಕು ಮಳೆಮರದ ಹೊಟ್ಟೆಯ ಮೇಲೆ ಹರಿದಾಡುತ್ತಿತ್ತು, ಮರವೇ ಹೊಳೆಯೋ ಎಂಬಂತೆ. ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ಎಮ್ಮೆ ಮಾತ್ರ ಕೊನೆಗೂ ಏನೋ ನೆನಪಾಗಿ ಮನೆಗೆ ಹೋಯಿತು.

ರೇಡಿಯೊ ಶುರುವಾಯಿತು. ಕೃಷಿಕರಿಗೆ ಸಲಹೆ — ಟೊಮೇಟೊ ಎಲೆ ಸುರುಟಿದರೆ ಏನು ಮಾಡಬೇಕು. ಸೊಣ್ಣಮ್ಮ ಎದ್ದಳು.

"ಊರೋರ್ಗೆ ಯೋಳ್ಬ್ಯಾಡ ಕಣಪ್ಪ. ಅವ್ರೆಲ್ಲ ಯಾವ್ದೋ ಸೊಣ್ಣಮ್ಮ ಅನ್ಕಂಡವ್ರೆ. ನಮ್ ಕಡೆ ಸೊಣ್ಣಮ್ಮಂದ್ರಿಗೇನ್ ಬರವಾ."

"ಊರಿನವರಿಗೆ ಖಂಡಿತ ಹೇಳಲ್ಲ," ಎಂದೆ.

ಮರಳಿನ ಮೇಲೆ ಸಣ್ಣಗಾಗುತ್ತ ಹೋದಳು. ಕತ್ತಲೆಯೊಳಗೋ ಮಂಜಿನೊಳಗೋ ತಿಳಿಯಲಿಲ್ಲ.

5 ಫೆಬ್ರವರಿ, ಶುಕ್ರವಾರ

ನಿನ್ನೆಯ ಪುಟದ ಮೂಲೆಯಲ್ಲಿ ಬೆರಳಿನ ಗುರುತು. ಎಣ್ಣೆ. ಸಾಸಿವೆಯ ವಾಸನೆ. ಈ ದಿನಚರಿ ಯಾರಿಗಾಗಿಯೂ ಬರೆದದ್ದಲ್ಲ, ಟ್ರಂಕಿನ ತಳದಲ್ಲಿ ಪಂಚೆಗಳ ಕೆಳಗೆ ಇರುತ್ತದೆ. ನಮ್ಮ ಮನೆಯ ಇಲಿಗಳು ಒಗ್ಗರಣೆ ಹಾಕಲು ಕಲಿತಿವೆ ಎಂದು ತೋರುತ್ತದೆ.

ಊಟಕ್ಕೆ ಬಡಿಸುವಾಗ ಹೆಂಡತಿ ಸುಮ್ಮನೆ ಕೇಳಿದಳು, "ಓಲೆ ಮಾರಿದ್ರೆ ಮತ್ತೆ ಮಾಡಿಸ್ಕೊಳೋದು ಕಷ್ಟ ಅಲ್ವೇನ್ರೀ?"

"ಯಾರ ಓಲೆ?"

"ಯಾರದ್ದೋ."

11 ಫೆಬ್ರವರಿ, ಗುರುವಾರ

ಕಾಡುಗೋಡಿಯ ಸ್ಟುಡಿಯೊದಿಂದ ಪ್ರಿಂಟು ಬಂತು. ಬೆಳಕು ನುಗ್ಗಿ ಅರ್ಧ ಹಾಳು. "ಅಡುಗೆಮನೆಯಲ್ಲಿ ಫಿಲ್ಮ್ ಹಾಕ್ತಾರಾ ಸಾರ್ ಯಾರಾದ್ರೂ?" ಅಂದ ಅವನು. ಉಳಿದವು ಪರವಾಗಿಲ್ಲ. ಒಂದರಲ್ಲಿ ಅಂಚೆಲ್ಲ ಬೆಳ್ಳಗಾಗಿ ಬೆಂಚು ಗಾಳಿಯಲ್ಲಿ ತೇಲುತ್ತಿರುವಂತಿದೆ. ಇನ್ನೊಂದು ಓರೆಯಾಗಿ ತೆಗೆದದ್ದು — ಆ ಬೆಂಚು, ಅದರ ಹೆಸರು, ಎದುರಿಗೆ ಸೊಣ್ಣಮ್ಮ, ಎಲ್ಲವೂ ಇವೆ.

ಹೊಳೆಪಾಳ್ಯಕ್ಕೆ ಹೋಗಿ ತೋರಿಸಿದೆ. ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು. ತೇಲುವ ಬೆಂಚನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೇಳಿದಳು:

"ನಾನಿಲ್ದಿರೋದೇ ಒಸಿ ಚೆಂದಾಗಿ ಬಂದದೆ."

ಇನ್ನೊಂದನ್ನು ಸಂಪಾದಕರಿಗೆ ಕಳಿಸಿದೆ. ಕೆಳಗೆ ಒಂದು ಸಾಲು: "ತನ್ನ ಸ್ಮಾರಕದ ಮುಂದೆ ತಾನೇ ಕಾದು ಕುಳಿತ ಸೊಣ್ಣಮ್ಮ." ಹರಟೆಯಲ್ಲಿ ಎಡೆಯ ವಿಷಯವೂ, ಮೈದುನನ ಮಗನ ವಿಷಯವೂ. ಊರಿನವರಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಊರಿನವರಿಗೆ ಹೇಳಿಲ್ಲ. ವಾರಪತ್ರಿಕೆಗೆ ಮಾತ್ರ ಹೇಳಿದ್ದು. ಅಷ್ಟು ಒಳ್ಳೆಯ ಸಾಲು ಸಿಕ್ಕರೆ ಯಾವ ಲೇಖಕ...

ಇರಲಿ. ಹೊಳೆಪಾಳ್ಯದಲ್ಲಿ ಯಾರು ವಾರಪತ್ರಿಕೆ ಓದುತ್ತಾರೆ.

22 ಫೆಬ್ರವರಿ, ಸೋಮವಾರ

ಹೊಳೆಪಾಳ್ಯದಲ್ಲಿ ಎಲ್ಲರೂ ವಾರಪತ್ರಿಕೆ ಓದುತ್ತಾರೆ.

25 ಫೆಬ್ರವರಿ, ಗುರುವಾರ

ಬಸ್ಸಿಳಿದು ಪಾರ್ಕಿಗೆ ಕಾಲಿಟ್ಟರೆ ರಾಮಾಂಜಿನಪ್ಪ ಓಡಿ ಬಂದ. "ಬರಬಾರದಾಗಿತ್ತು ಸಾರ್ ಇವತ್ತು ನೀವು. ಕೃಷ್ಣಪ್ಪ ಬಂದವ್ನೆ."

ಮಳೆಮರದ ಕೆಳಗೆ ಒಂದು ಮೋಟಾರ್ ಬೈಕು. ಪಕ್ಕದಲ್ಲಿ ಸಫಾರಿ ಸೂಟಿನ ಎತ್ತರದ ಆಳು. ಎದುರು ಬೆಂಚಿನಲ್ಲಿ ಸೊಣ್ಣಮ್ಮ, ಎಂದಿನಂತೆ ಕಾಲು ಮೇಲೆಳೆದುಕೊಂಡು. ನಾನು ಸಿಮೆಂಟ್ ಜಿಂಕೆಯ ಹಿಂದೆ ನಿಂತೆ. ಲೇಖಕರು ಇಂಥ ಸಮಯದಲ್ಲಿ ಪ್ರಕೃತಿಯ ಸಾಮೀಪ್ಯ ಬಯಸುತ್ತಾರೆ.

"ಮಾರ್ಕೆಟ್ನಲ್ಲಿ ಜನ ನಗ್ತಾವ್ರೆ ದೊಡ್ಡಮ್ಮ. ಬದುಕಿರೋ ದೊಡ್ಡಮ್ಮಂಗೆ ತಿಥಿ ಮಾಡ್ಸಿದೋನು ಅಂತಾರೆ ನನ್ನ! ನಾನು ಎಡೆ ಇಡಲ್ಲ ಅಂತ ಯಾರು ಹೇಳಿದ್ದು ನಿಂಗೆ?"

"ಯಾರೂ ಯೋಳಿಲ್ಲ ಕಣೋ."

"ಮತ್ತೆ? ಇಡ್ತೀನಿ. ಎಲ್ರಿಗಿಂತ ಜೋರಾಗೇ ಇಡ್ತೀನಿ. ಊರೆಲ್ಲ ನೋಡ್ಬೇಕು."

ಕರ್ಚೀಫು ತೆಗೆದು ಮುಖ ಒರೆಸಿಕೊಂಡ, ಕಣ್ಣನ್ನೂ ಸೇರಿಸಿ. ನಾನು ಬರೆದ ಕೃಷ್ಣಪ್ಪ ಬೇರೆ, ಇಲ್ಲಿ ನಿಂತವನು ಬೇರೆ. ಜಿಂಕೆಯ ಹಿಂದೆ ನನಗೆ ಸ್ವಲ್ಪ ಸೆಕೆಯಾಯಿತು.

ಸೊಣ್ಣಮ್ಮ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. "ಆಯ್ತು. ಏನಿಡ್ತೀಯ ಯೋಳು."

"ಅಂದ್ರೆ?"

"ಸತ್ತೋರಿಗೆ ಇಷ್ಟವಾದ್ದು ತಾನೆ ಇಡೋದು? ನಂಗೇನಿಷ್ಟ, ಯೋಳು."

"ಒಬ್ಬಟ್ಟು."

"ಅದು ನಿಮ್ಮಪ್ಪಂಗೆ."

"ಕೋಳಿಸಾರು."

"ಅದು ನಿಂಗೆ."

ಕೃಷ್ಣಪ್ಪ ಬೈಕಿನ ಸೀಟು ಸವರಿದ. "ಕಜ್ಜಾಯ?"

"ಅದು ನಿಮ್ಮವ್ವಂಗೆ. ಎಷ್ಟ್ ವರ್ಸ ಸುಟ್ಟಾಕಿವ್ನೋ ಅವ್ಳಿಗೆ."

ಹೊಂಗೆಯ ಒಣಗಿದೆಲೆ ಉದುರುವ ಸದ್ದು. ಕೃಷ್ಣಪ್ಪ ಬೈಕು ಒದ್ದ, ಹತ್ತಲಿಲ್ಲ. ಇನ್ನೊಮ್ಮೆ ಒದ್ದ. ಹೋಗುವಾಗ ನನ್ನ ಜಿಂಕೆಯ ಪಕ್ಕದಲ್ಲೇ ಹಾದು, ನಿಲ್ಲಿಸಿ, ನಮಸ್ಕಾರ ಮಾಡಿದ.

"ನೀವೇನಾ ಬರ್ದೋರು? ಚೆನ್ನಾಗಿ ಬರ್ದಿದ್ದೀರ ಸಾರ್. ನಮ್ಮನೇಲಿ ಮೂರು ದಿನದಿಂದ ಯಾರೂ ಸರಿಯಾಗಿ ಊಟ ಮಾಡಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸೊಣ್ಣಮ್ಮನ ಬಳಿ ಹೋದೆ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲೇ ಒಂದು ಒಳ್ಳೆಯ ವಾಕ್ಯ ರೆಡಿ ಮಾಡಿಕೊಂಡಿದ್ದೆ. ಅವಳು ಕೈಯೆತ್ತಿ ತಡೆದಳು.

"ಸುಮ್ಕಿರು. ಎಡೆ ಬತ್ತಾ ಅದೆ."

ಊದುಬತ್ತಿ ಹುಡುಗಿಯರು ಬಂದರು. ಹೆಸರು ಓದಿದರು. ಎದುರಿಗಿದ್ದ ಸೊಣ್ಣಮ್ಮನನ್ನು ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಕಿಸಕ್ಕೆಂದು ನಕ್ಕು, ಬೇರೆ ಬೆಂಚಿಗೆ ಹೋದರು.

4 ಮಾರ್ಚ್, ಗುರುವಾರ

ಬೆಂಚಿಗೆ ಹಸಿರು ಬಣ್ಣ. ಪೂರ್ತಿ. ಬೆನ್ನು, ಕೈ, ಕಾಲು ಎಲ್ಲ. ಹೆಸರಿಲ್ಲ. ಯಾರದೂ ಅಲ್ಲದ ಬೆಂಚು.

ರಾಮಾಂಜಿನಪ್ಪನೇ ಬಳಿದದ್ದು. ಉಗುರಿನಲ್ಲಿ ಇನ್ನೂ ಹಸಿರು. "ಪುರಸಭೇಲಿ ಹೇಳಿದ್ರು ಸಾರ್. ಬದುಕಿರೋರ ಜ್ಞಾಪಕಾರ್ಥ ಇಡೋಕೆ ರೂಲ್ಸ್ ಇಲ್ವಂತೆ. ಕೃಷ್ಣಪ್ಪ ಪ್ರೆಸಿಡೆಂಟ್ರ ಮನೆ ತಂಕ ಹೋಗಿದ್ನಂತೆ." ತಲೆ ಕೆರೆದುಕೊಂಡ. "ಅಜ್ಜಿ ನಿಂತ್ಕಂಡು ನೋಡ್ತಿತ್ತು ನಾನು ಬಳಿಯೋವಾಗ. ಆ ಮೂಲೇಲಿ ಬಿಟ್ಟೋಯ್ತು, ಅಲ್ಲೂ ಬಳಿ ಅಂತು. ಆವತ್ತಿಂದ ಬಂದಿಲ್ಲ."

ಎದುರು ಬೆಂಚಿನಲ್ಲಿ ಒಬ್ಬನೇ ಕೂತೆ. ಊದುಬತ್ತಿ ಹುಡುಗಿಯರು ಬಂದರು, ಹಸಿರು ಬೆಂಚಿನಲ್ಲೇ ಕೂತರು, ಡಬ್ಬಿ ಬಿಚ್ಚಿದರು. ಅವಲಕ್ಕಿ. ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇಲ್ಲ.

ಮರಳು ದಾಟಿದೆ. ಚಪ್ಪಲಿ ಕೈಯಲ್ಲಿ. ನಡುವಿನ ನೀರು ಕಣಕಾಲಿನಷ್ಟೂ ಇಲ್ಲ, ಬೆಚ್ಚಗಿತ್ತು. ಮೀನುಮರಿಗಳು ಬೆರಳಿಗೆ ಮುತ್ತಿದವು. ನಿಂತ ಕಡೆಯಲ್ಲೇ ಮರಳು ಕಾಲ ಕೆಳಗಿನಿಂದ ಮೆಲ್ಲಗೆ ಜಾರುತ್ತದೆ, ನಾವೇ ನಡೆಯುತ್ತಿದ್ದೇವೋ ಅನ್ನುವ ಹಾಗೆ. ಹಿಂದೆ ತಿರುಗಿದರೆ ಪಾರ್ಕು ಒಂದು ಹಸಿರು ಚುಕ್ಕೆ.

ಕೃಷ್ಣಪ್ಪನ ಹಿತ್ತಲಲ್ಲಿ ಸೊಣ್ಣಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ತಲೆಯೆತ್ತಲಿಲ್ಲ.

"ಹುಡುಗೀರು ಬಂದಿದ್ದರಜ್ಜಿ. ಅವಲಕ್ಕಿ ತಂದಿದ್ದರು. ಅಲ್ಲೇ ಕೂತರು."

"ಕೂತ್ಕತಾರೆ. ನೆಳ್ಳದೆ."

"ಹೆಸರಿಲ್ಲದಿದ್ದರೂ ತಿಂತಾರಲ್ಲ."

ಮೊರ ನಿಂತಿತು. "ತಿನ್ನೋರು ತಿಂತಾರಪ್ಪ. ಯಾರಿಗಿಟ್ರು ಅಂತ ಸತ್ತೋರಿಗೆ ಎಂಗೆ ಗೊತ್ತಾಯ್ತದೆ? ಎಸ್ರು ಕೂಗ್ದೆ ಯಾರಾದ್ರೂ ಉಣ್ಣಾಕೆ ಬತ್ತಾರಾ?"

ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಜಂಭದಿಂದ ಹೇಳಿದೆ, "ಮುಂದಿನ ಗುರುವಾರ ಬನ್ನಿ. ನಾನು ಕೂಗ್ತೀನಿ."

"ನೋಡಾನ," ಎಂದಳು. ಮೊರ ಮತ್ತೆ ಶುರುವಾಯಿತು.

10 ಮಾರ್ಚ್, ಬುಧವಾರ

ಹೆಂಡತಿ ಕಡ್ಲೇಬೇಳೆ ನೆನೆಹಾಕಿದ್ದಾಳೆ. ಕೇಳಿದರೆ, "ನಾಳೆ ನಿಮ್ಮ ಜೊತೆ ಕಟ್ಟಿಕೊಡ್ತೀನಿ, ನುಚ್ಚಿನುಂಡೆ," ಅಂದಳು. ನಾನು ಎಲ್ಲಿಗೆ ಹೋಗುತ್ತೇನೆ, ಯಾಕೆ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯ ಈ ಮನೆಯಲ್ಲಿ ಈಚೆಗೆ ಕಡಿಮೆಯಾಗಿದೆ.

11 ಮಾರ್ಚ್, ಗುರುವಾರ

ಬಂದಿದ್ದಳು.

ಎದುರು ಬೆಂಚಿನಲ್ಲಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ. ನಾನು ಹಸಿರು ಬೆಂಚಿನಲ್ಲಿ ಕೂತೆ. ಮೊದಲ ಸಲ. ಅಲ್ಲಿಂದ ನೋಡಿದರೆ ಅವಳು ತುಂಬ ದೂರ, ತುಂಬ ಸಣ್ಣ. ಡಬ್ಬಿ ಬಿಚ್ಚಿ, ತಂದಿದ್ದ ಬಾಳೆಲೆ ಹಾಸಿ, ನುಚ್ಚಿನುಂಡೆ ಇಟ್ಟೆ, ಪಕ್ಕಕ್ಕೆ ಒಂದಿಷ್ಟು ತುಪ್ಪ. ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ಪಾರ್ಕಿನ ಎಲ್ಲ ಸತ್ತವರಿಗೂ ಕೇಳುವಂತೆ ಕೂಗಿದೆ:

"ಸೊಣ್ಣಮ್ಮನವರೇ! ಎಡೆ ಇಟ್ಟಿದೆ!"

ಪಕ್ಕದ ಬೆಂಚಿನ ಟೋಪಿಯವರು ನಿದ್ದೆಯಿಂದೆದ್ದು ಕೂತರು. ಊದುಬತ್ತಿ ಹುಡುಗಿಯರು ಗೇಟಿನಲ್ಲೇ ನಿಂತರು. ಈ ಸಲ ನಗಲಿಲ್ಲ.

"ಬಾಗ್ಲು ಆಕಿಲ್ವಲ್ಲೋ," ಎಂದಳು ಸೊಣ್ಣಮ್ಮ ಅಲ್ಲಿಂದಲೇ.

"ಪಾರ್ಕಿಗೆ ಬಾಗಿಲು ಎಲ್ಲಿಂದ ತರಲಿ ಅಜ್ಜಿ?"

"ಕಣ್ಣು ಮುಚ್ಕ."

ಮುಚ್ಚಿದೆ. ಮುಚ್ಚಿದ ಮೇಲೆ ಹೊಳೆ ದೊಡ್ಡದಾಯಿತು. ಅಷ್ಟು ಸಣ್ಣ ನೀರಿಗೆ ಅಷ್ಟು ಸದ್ದಿದೆಯೆಂದು ಗೊತ್ತಿರಲಿಲ್ಲ. ರೆಪ್ಪೆಯ ಮೇಲೆ ಬಿಸಿಲು ಕೆಂಪಗೆ, ಆಮೇಲೆ ನೆರಳು, ಮತ್ತೆ ಕೆಂಪು. ಎಲ್ಲೋ ಸೈಕಲ್ ಗಂಟೆ. ಗಂಧದ ವಾಸನೆ ಹತ್ತಿರವಾಯಿತು, ನಿಂತಿತು. ಒಣಗಿದೆಲೆಯ ಮೇಲೆ ಒಂದು ಹೆಜ್ಜೆ, ಬಹಳ ಹೊತ್ತಿನ ಮೇಲೆ ಇನ್ನೊಂದು. ಸೀರೆ ಸರಿದ ಸದ್ದಾಯಿತು, ನನ್ನ ಎಡಗಡೆಯಲ್ಲಿ. ನಾನು ಉಸಿರೂ ಬಿಡಲಿಲ್ಲ. ಸತ್ತವರು ಉಣ್ಣುವಾಗ ಇಷ್ಟೊಂದು ಚಪ್ಪರಿಸುತ್ತಾರೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಕಣ್ಣು ಬಿಟ್ಟೆ. ಎಲೆಯಲ್ಲಿ ಒಂದೇ ಒಂದು ಉಂಡೆ ಉಳಿದಿತ್ತು. ಸೊಣ್ಣಮ್ಮ ತನ್ನ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ, ಕಾಲು ಮೇಲೆಳೆದುಕೊಂಡು ಕೂತು ಬೆರಳು ನೆಕ್ಕುತ್ತಿದ್ದಳು.

"ಬಂದಿದ್ರು," ಎಂದಳು. "ಉಂಡೋದ್ರು. ಮೆಣಸಿನ್ಕಾಯಿ ಒಸಿ ಜಾಸ್ತಿಯಾಯ್ತು ಅಂದ್ರು."

ಉಳಿದ ಒಂದನ್ನು ಅರ್ಧ ಮುರಿದು ನನಗೆ ಕೊಟ್ಟಳು. ಎಡೆಯ ಎಲೆಯಿಂದ ಮನೆಯವರು ಹಂಚಿಕೊಂಡು ತಿನ್ನುವುದು ಪದ್ಧತಿ. ತಿಂದೆ. ಹುಡುಗಿಯರು ಎದುರು ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿ, ಅಲ್ಲಿಂದಲೇ ಎತ್ತಿ ತೋರಿಸಿದರು — "ಅಜ್ಜೀ, ಮೊಸರನ್ನ!"

ಎಲೆ ಮಡಿಸುತ್ತ ಕೇಳಿದೆ. "ಕೃಷ್ಣಪ್ಪಂಗೆ ಗೊತ್ತಾಗಲಿಲ್ಲ. ನನಗಾದರೂ ಹೇಳಿ. ನಿಮಗೇನಿಷ್ಟ?"

ಹೊಳೆ ನೋಡಿದಳು. ಮುಖದಲ್ಲಿ ಮೊದಲ ಸಲ ಗಾಬರಿ.

"ಗೊತ್ತಿಲ್ಲ ಕಣಪ್ಪ," ಎಂದಳು. "ಉಳಿದಿದ್ದು ಉಂಡಿವ್ನಿ. ಇಂಥದ್ದು ಬೇಕು ಅಂತ ಯಾವತ್ತೂ..."

ಪಾಪ ಕೃಷ್ಣಪ್ಪ. ಪ್ರಶ್ನೆ ಕೇಳಿದವಳಿಗೇ ಉತ್ತರ ಗೊತ್ತಿರಲಿಲ್ಲ.

"ಹಾಗಾದರೆ ಹುಡುಕೋಣ," ಎಂದೆ. "ಗುರುವಾರಕ್ಕೊಂದು. ಸಿಗೋವರೆಗೆ."

"ಸಿಕ್ಕಿದ್ಮ್ಯಾಲೆ ಆ ಕೃಷ್ಣಂಗೆ ಯೋಳ್ಬುಡು," ಎಂದಳು. "ಮುಂದಕ್ಕೆ ಅವ್ನಿಗೂ ಬೇಕಾಯ್ತದೆ."

17 ಮಾರ್ಚ್, ಬುಧವಾರ

ನಾಳೆ ಗುರುವಾರ. ಕ್ಯಾಮೆರಾ ನಂಜಪ್ಪನಿಗೆ ವಾಪಸ್ಸು ಕೊಟ್ಟಾಯಿತು. ಸಂಪಾದಕರು ಮುಂದಿನ ಫೋಟೋ ಕೇಳಿದ್ದಾರೆ, ಇಲ್ಲ ಅಂದೆ. ರಾಮಾಂಜಿನಪ್ಪ ನಾಳೆಗೆ ಬಾಳೆಲೆ ಕುಯ್ದಿಡುತ್ತಾನಂತೆ. ಕೃಷ್ಣಪ್ಪ ಬೈಕು ನಿಲ್ಲಿಸಿ, "ನುಚ್ಚಿನುಂಡೆ ಹೆಂಗಾಯ್ತಂತೆ?" ಅಂತ ಅವನನ್ನು ಕೇಳಿ ಹೋದನಂತೆ.

ಈ ದಿನಚರಿ ಯಾರಿಗಾಗಿಯೂ ಬರೆದದ್ದಲ್ಲ. ಆದರೂ, ಅಕಸ್ಮಾತ್ ಯಾರ ಕಣ್ಣಿಗಾದರೂ ಬಿದ್ದರೆ — ಮುಖ್ಯವಾಗಿ ಸಾಸಿವೆ ವಾಸನೆಯ ಬೆರಳಿನವರ ಕಣ್ಣಿಗೆ — ಒಂದು ವಿನಂತಿ. ಬೆಳಿಗ್ಗೆ ಒತ್ತುಶಾವಿಗೆ ಆದೀತಾ? ಮೆಣಸಿನಕಾಯಿ ಕಡಿಮೆ, ಕಾಯಿಹಾಲು ಬೇರೆಯಾಗಿ. ಸಣ್ಣ ಡಬ್ಬಿ ಸಾಲದು. ಅಟ್ಟದ ಮೇಲೆ ಹಪ್ಪಳದ ಡಬ್ಬದ ಹಿಂದೆ ಹಿತ್ತಾಳೆ ಕ್ಯಾರಿಯರ್ ಇದೆ, ಅದನ್ನು ಇಳಿಸಿ ಹುಣಿಸೆಹಣ್ಣಲ್ಲಿ ಒಮ್ಮೆ ಉಜ್ಜಬೇಕು. ಮೂರು ಜನಕ್ಕೆ ಆಗುವಷ್ಟಿರಲಿ. ಮೂರನೆಯವರು ಒಳ್ಳೆ ಸೀರೆ ಉಟ್ಟುಕೊಂಡು ಬಸ್ ಸ್ಟಾಪಿಗೆ ಸ್ವಲ್ಪ ಬೇಗ ಹೊರಟರೆ, ಕಿಟಕಿ ಪಕ್ಕದ ಸೀಟು ಸಿಗುತ್ತದೆ, ಅಲ್ಲಿಂದಲೇ ಹೊಳೆ ಮೊದಲು ಕಾಣೋದು.